ಬೇಲಿಯೋ ಮರವೋ

ಸಾಬೂನು ಕುದಿಯುವ ಹೊತ್ತಿನಲ್ಲಿ ಕನಿಬಾಳ ಹಂಡೆಯ ಹತ್ತಿರ ಯಾವ ಗಂಡಸೂ ಸುಳಿಯುತ್ತಿರಲಿಲ್ಲ. ಬೂದಿನೀರಿನ ಹಬೆ ಕಣ್ಣಿಗೆ ಹೊಡೆಯುತ್ತದೆ, ಬೇಲಿಗೆ ಬೆಳೆಸುವ ಕಾಡುಹರಳಿನ ಎಣ್ಣೆಯ ಕಮಟು ಮೂಗಿಗೆ ಹೊಡೆಯುತ್ತದೆ, ಇವೆರಡನ್ನೂ ತಡೆದುಕೊಂಡವನಿಗೆ ಕನಿಬಾಳ ಬಾಯಿ ಇದ್ದೇ ಇತ್ತು. ಅಂಥಾದ್ದರಲ್ಲಿ ಅವತ್ತು ಅವಳ ಭಾವ ಸಿಬಿರಿ ಸನೋಗೊ ತಾನಾಗಿಯೇ ನಡೆದುಬಂದು ಹಂಡೆಯ ಮುಂದೆ ನಿಂತ. ಸಿಬಿರಿ ಅಂದರೆ ಸನೋಗೊಗಳ ಆ ದೊಡ್ಡ ಮನೆಗೆಲ್ಲ ಯಜಮಾನ, ಅವಳ ಗಂಡ ಬೇಮಾನ ಅಣ್ಣ. ನಿಂತವನು ಬಾಯಿ ತೆರೆಯುವ ಮೊದಲೇ ಕೆಮ್ಮಿದ.

"ಈ ಕಡೆ ಬನ್ನಿ ಭಾವ, ಗಾಳಿ ಆ ಕಡೆ ಬೀಸ್ತಿದೆ," ಎಂದಳು ಕನಿಬಾ, ಸಟ್ಟುಗ ನಿಲ್ಲಿಸದೆ.

"ಇದೇ ಕೊನೇ ಹಂಡೆ. ನಾಳೆಯಿಂದ ಬೇಲಿ ಕಾಯಿಗೆ ಹೆಂಗಸರು ಕೈ ಹಾಕೋ ಹಾಗಿಲ್ಲ. ಎಲ್ಲಾ ತಕ್ಕಡಿಗೆ ಹೋಗುತ್ತೆ."

"ಯಾರ ತಕ್ಕಡಿಗೆ?"

"ಕಂಪನಿಯೋನು ಬಂದಿದ್ದಾನಲ್ಲ, ಸಿರಿಮಾನ್ ಜಾರಾ. ಅವನ ತಕ್ಕಡಿಗೆ."

"ಆ ಅಲಸಂದೆ ಬಾಕನಿಗಾ?" ಎಂದು ಕನಿಬಾ ನಕ್ಕಳು. ಅವಳು ತ್ರಾವರೆ ಮನೆತನದ ಮಗಳು. ತ್ರಾವರೆಗಳಿಗೂ ಜಾರಾಗಳಿಗೂ ಬೈದಾಡುವ ನಂಟು. ಒಬ್ಬರನ್ನೊಬ್ಬರು ಅಲಸಂದೆ ಬಾಕ ಅನ್ನಬಹುದು, ನನ್ನ ಜೀತದಾಳು ಅನ್ನಬಹುದು, ಎಷ್ಟು ಬೈದರೂ ಸಿಟ್ಟು ಮಾತ್ರ ಮಾಡಿಕೊಳ್ಳುವ ಹಾಗಿಲ್ಲ. ಆದರೆ ನಗು ಅರ್ಧಕ್ಕೇ ನಿಂತಿತು. ಭಾವನ ಮುಖದಲ್ಲಿ ತಮಾಷೆ ಇರಲಿಲ್ಲ.

"ನಿಜ ಹೇಳ್ತಿದ್ದೀರಾ?"

"ನಾನು ಸುಳ್ಳು ಹೇಳೋಕೆ ಈ ಹೊಗೇಲಿ ಬಂದು ನಿಲ್ತೀನಾ?" ಎಂದು ಸಿಬಿರಿ ಕಣ್ಣೊರೆಸಿಕೊಂಡು ಹೊರಟುಹೋದ.

ನಮ್ಮ ಕಡೆ ಗಂಡಸರು ಮನೆಗೆ ಜೋಳ ತಂದು ಹಾಕಿದರೆ ಅವರ ಕೆಲಸ ಮುಗಿಯಿತು. ಮುದ್ದೆಯ ಜೊತೆಗಿನ ಸಾರಿಗೆ ಉಪ್ಪು, ಒಣಮೀನು, ಮಕ್ಕಳ ಜ್ವರಕ್ಕೆ ಮಾತ್ರೆ, ಹೆಣ್ಣುಮಕ್ಕಳ ಬಟ್ಟೆ, ಇದೆಲ್ಲ ಹೆಂಗಸರ ಸೆರಗಿನ ಗಂಟಿನಿಂದಲೇ ಬರಬೇಕು. ಕನಿಬಾಳ ಗಂಟಿಗೆ ಬರುತ್ತಿದ್ದದ್ದು ಸಾಬೂನಿನ ದುಡ್ಡು. ಸಂತೆಯಲ್ಲಿ ಅವಳ ಕರಿ ಸಾಬೂನಿನ ಉಂಡೆಗೆ ಜನ ಕಾಯುತ್ತಿದ್ದರು, ಕಜ್ಜಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ ಅನ್ನುತ್ತಿದ್ದರು. ಆ ದುಡ್ಡು ಎಷ್ಟೇ ಇರಲಿ, ಅದಕ್ಕೆ ಯಾವ ಗಂಡಸಿನ ಕೈಯೂ ತಾಕಿರಲಿಲ್ಲ. ಮಗಳ ಬಟ್ಟೆ ಹರಿದರೆ ಭಾವನ ಮುಂದೆ ಹೋಗಿ ತಲೆ ತಗ್ಗಿಸಿ ನಿಲ್ಲುವ ಪಾಡು ಅವಳಿಗೆ ಬಂದಿರಲಿಲ್ಲ. ಈಗ ಬರುವುದರಲ್ಲಿತ್ತು.

ಇದಕ್ಕೆಲ್ಲ ಆ ಎಣ್ಣೆಯ ಯಂತ್ರವೇ ಕಾರಣ ಅಂದರೆ ಅದೂ ತಪ್ಪು. ಕಾಡುಹರಳಿನ ಎಣ್ಣೆ ಕುಡಿದು ಓಡುವ ಯಂತ್ರ ನಮ್ಮೂರು ನೆನಬುಗುವಿಗೆ ಬಂದ ವರ್ಷ ಎಲ್ಲರಿಗಿಂತ ಹೆಚ್ಚು ಕುಣಿದವಳು ಕನಿಬಾಳೇ. ಹಿಟ್ಟಿನ ಗಿರಣಿ ಬಂತು, ಒನಕೆ ಹಿಡಿದು ಅಂಗೈ ಬೊಬ್ಬೆ ಬರಿಸಿಕೊಳ್ಳುವುದು ತಪ್ಪಿತು. ಬೀದಿಗೊಂದು ದೀಪ ಬಂತು. ಯಂತ್ರಕ್ಕೆ ಬೇಕಾದಷ್ಟು ಬೀಜವನ್ನು ಹೆಂಗಸರೇ ಕೊಟ್ಟರು, ಮಿಕ್ಕದ್ದರಲ್ಲಿ ಸಾಬೂನು ಕಾಯಿಸಿಕೊಂಡರು. ಯಾರಿಗೂ ತಕರಾರಿರಲಿಲ್ಲ. ಆಮೇಲೆ ರಾಜಧಾನಿಯ ಕಂಪನಿಯೊಂದು ಎಲ್ಲೋ ದೂರದೇಶದ ಮೋಟಾರುಗಳಿಗೆ ಈ ಎಣ್ಣೆ ಕಳಿಸುತ್ತೇನೆಂದು ಹೊರಟಿತು. ಬೀಜದ ಬೆಲೆ ಏರಿದ್ದೇ ಏರಿದ್ದು. ಪಕ್ಕದ ಹಟ್ಟಿಯವರು ಜೋಳದ ಹೊಲಕ್ಕೇ ಕಾಡುಹರಳು ಹಾಕಿಬಿಟ್ಟರು. ಸಂತೆಯಲ್ಲಿ ಜೋಳ ತುಟ್ಟಿಯಾಯಿತು.

"ಜೋಳ ಬಿಟ್ಟು ಇದನ್ನ ಬೆಳೀತಾರಂತೆ. ನಾಳೆ ಹೊಟ್ಟೆಗಿಲ್ಲ ಅಂದ್ರೆ ಈ ಬೀಜ ತಿನ್ನೋಕಾಗುತ್ತಾ? ತಿಂದ್ರೆ ಮೇಲೂ ಕೆಳಗೂ ಕಿತ್ಕೊಂಡು ಹೋಗುತ್ತೆ!" ಎಂದು ಕನಿಬಾ ಸಂತೆಯಲ್ಲೇ ನಿಂತು ಕೂಗಾಡಿದ್ದಳು. ಜನ ನಕ್ಕು ಸುಮ್ಮನಾಗಿದ್ದರು.

ನಗುವ ಕಾಲ ಮುಗಿದದ್ದು ಕಂಪನಿಯ ಸಿರಿಮಾನ್ ಜಾರಾ ತಕ್ಕಡಿ ಹೇರಿಕೊಂಡು ಊರಿಗೆ ಬಂದ ದಿನ. ಅವನು ಕೆಟ್ಟವನಲ್ಲ. ಬಾಯಿ ತುಂಬ ಮಾತು, ಹೊಟ್ಟೆ ತುಂಬ ನಗು. ಆದರೆ ಅವನು ಬೇಲಿಗಳ ಉದ್ದಕ್ಕೂ ನಡೆದು, "ಈ ಮರಗಳ ಯಜಮಾನ ಯಾರು?" ಎಂದು ಕೇಳಿದ. ನಮ್ಮೂರಲ್ಲಿ ಬೇಲಿಯ ಬಗ್ಗೆ ಹಾಗೆ ಯಾರೂ ಯಾವತ್ತೂ ಕೇಳಿರಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಬಾಯಿಬಿಟ್ಟವನು ಸಿಬಿರಿ. "ನಾನೇ," ಎಂದ. ಜಾರಾ ಸುಣ್ಣದ ಡಬ್ಬಿ ತೆಗೆದು ಸನೋಗೊಗಳ ಬೇಲಿಯ ಒಂದೊಂದು ಬೊಡ್ಡೆಗೂ ಬಿಳಿ ಪಟ್ಟಿ ಬಳಿದ. ಸಂಜೆಯೊಳಗೆ ಊರ ಬೇಲಿಗಳಿಗೆಲ್ಲ ಯಜಮಾನರು ಹುಟ್ಟಿಕೊಂಡಿದ್ದರು, ಎಲ್ಲ ಬೇಲಿಗಳೂ ಬಿಳಿ ಪಟ್ಟಿ ಕಟ್ಟಿಕೊಂಡು ನಿಂತಿದ್ದವು.

ಭಾವ ಬಂದು ಹೇಳಿಹೋದ ಮಾರನೆಯ ಬೆಳಿಗ್ಗೆ ಕನಿಬಾ ಬುಟ್ಟಿ ಹಿಡಿದು ಸನೋಗೊ ಮನೆಯ ಹೆಂಗಸರು ಗೇಯುವ ಕಡಲೆಕಾಯಿ ಹೊಲದ ಬೇಲಿಗೇ ಹೋದಳು. ಕದ್ದುಮುಚ್ಚಿ ಅಲ್ಲ, ಎಲ್ಲರೂ ನೋಡುವಂತೆ. ಹಳದಿಗೆ ತಿರುಗಿದ ಕಾಯಿಗಳನ್ನು ಕಿತ್ತು ಬುಟ್ಟಿ ತುಂಬಿಸಿದಳು. ಸಿಬಿರಿ ಬಂದು ಒಂದು ಮಾತೂ ಆಡದೆ ಬುಟ್ಟಿ ಕಸಿದು ಕಾಯಿಗಳನ್ನು ತನ್ನ ಚೀಲಕ್ಕೆ ಸುರಿದುಕೊಂಡ. ಖಾಲಿ ಬುಟ್ಟಿಯನ್ನು ಅವಳ ಕಾಲ ಬುಡಕ್ಕೆ ಎಸೆದ.

"ಇನ್ನೊಂದ್ಸಲ ಕಂಡ್ರೆ ನಿನ್ನ ತೌರಿಗೆ ಅಟ್ಟಿಬಿಡ್ತೀನಿ, ನೋಡ್ತಿರು."

"ಅಟ್ಟೋದಾದ್ರೆ ಸಭೆ ಕರೆದು ಅಟ್ಟಿ. ನಾನೇನು ರಾತ್ರಿ ಓಡಿಬಂದೋಳಲ್ಲ, ಊರಿಗೆಲ್ಲ ಮದುವೆಯ ಕೋಲಾಕಾಯಿ ಹಂಚಿ ಕರ್ಕೊಂಡು ಬಂದಿದ್ದೀರಿ."

ಗಂಡ ಬೇಮಾ ಅವತ್ತು ಮಧ್ಯಾಹ್ನವೆಲ್ಲ ಅವಳ ಹಿಂದೆ ಮುಂದೆ ಸುತ್ತಿದ. ಪಾಪದವನು. "ಬಿಟ್ಬಿಡೇ, ಅಣ್ಣನ ಎದುರು ಹಾಕ್ಕೊಂಡು ಈ ಮನೇಲಿ ಬಾಳೋಕಾಗುತ್ತಾ?" ಎಂದ.

"ನಿನ್ನ ಮಗಳಿಗೆ ಬಟ್ಟೆ ನೀನು ತರ್ತೀಯಾ?"

ಬೇಮಾ ಚಪ್ಪಲಿ ಮೆಟ್ಟಿಕೊಂಡು ಚಹಾ ಕಾಯಿಸುವವರ ಗುಂಪಿಗೆ ಹೋಗಿ ಕೂತ.

ಕನಿಬಾ ಕೇಳಿದಂತೆಯೇ ಸಭೆ ಬೂರುಗದ ಮರದ ಕೆಳಗೆ ಸೇರಿತು. ಗಂಡಸರು ಮುಂದೆ, ಹೆಂಗಸರು ಹಿಂದೆ. ಊರ ಹಿರಿಯ ಬೂರೆಮಾ ಚಾಪೆಯ ಮೇಲೆ. ಕಂಪನಿಯ ಜಾರಾನಿಗೂ ಒಂದು ಕುರ್ಚಿ ಹಾಕಿದ್ದರು. ಕನಿಬಾ ಎದ್ದು ನಿಂತ ಕೂಡಲೇ ಅವನು, "ಓಹೋ, ನನ್ನ ಜೀತದಾಳು ಬಂದ್ಲು!" ಎಂದ.

"ಬಾಯಿ ಮುಚ್ಕೊಂಡು ಕೂತ್ಕೋ, ನಿನ್ನ ಹೊಟ್ಟೇಲಿರೋ ಅಲಸಂದೆ ಸದ್ದು ಮಾಡ್ತಿದೆ," ಎಂದಳು. ಸಭೆ ನಕ್ಕಿತು. ಅವಳು ನಗಲಿಲ್ಲ.

"ತಾತ, ಬೇಲಿ ಕಾಯಿ ಯಾವತ್ತಿಂದಲೂ ಹೆಂಗಸರದು. ನಿಮ್ಮಮ್ಮನೂ ಅದರಿಂದ್ಲೇ ಸಾಬೂನು ಕಾಯ್ಸಿ ನಿಮ್ಮ ಮೈ ತೊಳೆದಿದ್ದು. ಇದಕ್ಕೆ ಯಾವ ಯಜಮಾನ?"

ಸಿಬಿರಿ ಎದ್ದ. "ಅದು ಬೇಲಿ ಅಲ್ಲ. ಮರ. ಕಂಪನಿಯೋರೇ ಪಟ್ಟಿ ಬಳಿದಿದ್ದಾರೆ. ಮರ ಅಂದ್ಮೇಲೆ ಮನೆ ಯಜಮಾನನದು."

"ಮರಾನಾ? ಹಾಗಾದ್ರೆ ಮರ ಯಾರದು ತಾತ? ನಮ್ಮೂರ ಕಟ್ಟಳೇಲಿ ಹೇಳಿ."

ಬೂರೆಮಾ ಗಡ್ಡ ನೇವರಿಸಿದ. ಇದರಲ್ಲಿ ಯೋಚಿಸುವುದಕ್ಕೇನೂ ಇರಲಿಲ್ಲ, ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. "ಮರ ನೆಟ್ಟವರದು," ಎಂದ.

"ಇದನ್ನ ನೆಟ್ಟೋಳು ನಮ್ಮತ್ತೆ. ಒಂದೊಂದು ಕಡ್ಡೀನೂ ತನ್ನ ಕೈಯಾರೆ ಊರಿದ್ಲು. ಊರಿಗೆಲ್ಲ ಗೊತ್ತು."

ಹಿಂದಿನ ಸಾಲಿನಲ್ಲಿ ಹೆಂಗಸರು ಗುಜುಗುಜು ಎಂದರು. ಕನಿಬಾಳಿಗೆ ಗೆದ್ದೆ ಅನ್ನಿಸಿತು. ಅಷ್ಟರಲ್ಲಿ ಸಿಬಿರಿ ಮೆಲ್ಲಗೆ ನಕ್ಕ.

"ನೆಟ್ಟೋಳು ನಮ್ಮಮ್ಮ. ಸರಿ. ಅಮ್ಮಂದು ಯಾರಿಗೆ ಬರುತ್ತೆ? ಸೊಸೆಗಾ, ಹಿರೀ ಮಗನಿಗಾ?"

ಗಂಡಸರ ಕಡೆಯಿಂದ ಹೋ ಎಂದು ಸದ್ದೆದ್ದಿತು. ಕನಿಬಾ ತನ್ನ ಬಾಯಿಂದಲೇ ಕೊಟ್ಟ ಹಗ್ಗದಲ್ಲಿ ಅವನು ಅವಳನ್ನೇ ಕಟ್ಟಿಹಾಕಿದ್ದ. ಆದರೂ ಅವಳು ಕೂರಲಿಲ್ಲ.

"ತಾತ, ಹೊರಗಿಂದ ಬಂದ ಸೊಸೆ ಗಂಡನ ಮನೆ ನೆಲದಲ್ಲಿ ಮರ ನೆಡೋ ಹಾಗಿಲ್ಲ ಅಂತೀರಿ. ನೆಟ್ರೆ ನೆಲ ಅವಳ ಪಾಲಾಗುತ್ತೆ ಅಂತೀರಿ. ನಾನು ಒಂದು ಮಾವಿನ ಸಸಿ ನೆಡೋಕೆ ಹೋದಾಗ ಇದೇ ಭಾವ ಕೈ ಹಿಡ್ಕೊಂಡ್ರು. ಮತ್ತೆ ಅತ್ತೆ ಇಷ್ಟುದ್ದ ನೆಡೋವಾಗ ಯಾಕೆ ಯಾರೂ ತಡೀಲಿಲ್ಲ?"

"ಆಗ ಅದು ಬೇಲಿ ಆಗಿತ್ತಮ್ಮ," ಎಂದ ಬೂರೆಮಾ.

"ಈಗ?"

"ಈಗ... ಮರ."

"ಗಿಡ ಅದೇ. ನೆಲ ಅದೇ. ಬೆಲೆ ಬಂದ ಮಾತ್ರಕ್ಕೆ ಬೇಲಿ ಮರ ಆಗಿಬಿಡುತ್ತಾ?"

ಗಂಡಸರಲ್ಲೂ ಒಂದಿಬ್ಬರು ತಡೆಯಲಾರದೆ ನಕ್ಕರು. ಬೂರೆಮಾನಿಗೆ ಅದೇ ಕೆಡುಕೆನಿಸಿತು. ಮುಖ ಗಂಟಿಕ್ಕಿಕೊಂಡು, "ಮರ ನೆಟ್ಟವರದು. ಕಾಡುಹರಳು ಮರ. ಸಿಬಿರಿಯ ಅಮ್ಮ ನೆಟ್ಟದ್ದು ಸಿಬಿರಿಗೆ. ಇದು ನನ್ನ ಮಾತು," ಎಂದು ಎದ್ದುಬಿಟ್ಟ. ಹಿರಿಯ ಎದ್ದ ಮೇಲೆ ಸಭೆ ಮುಗಿದಂತೆಯೇ.

ಕನಿಬಾ ದಾರಿಯುದ್ದಕ್ಕೂ ಉರಿದುಕೊಂಡೇ ನಡೆದಳು. ಅವಳಿಗೆ ಸೋತದ್ದಕ್ಕಿಂತ ಆ ಹೋ ಎಂಬ ಸದ್ದು ಚುಚ್ಚಿತ್ತು. ಜೊತೆಗೆ ತೆನಿನ್ ಇದ್ದಳು, ಸಿಬಿರಿಯ ಹಿರಿಯ ಹೆಂಡತಿ. ವಾರಗಿತ್ತಿಯರಲ್ಲಿ ಕನಿಬಾ ಆಡುವವಳು, ತೆನಿನ್ ಕೇಳುವವಳು. ಗಂಡನ ಎದುರು ತೆನಿನ್ ಸ್ವರ ಎತ್ತಿದ್ದನ್ನು ಕಂಡವರೇ ಇರಲಿಲ್ಲ.

"ಅತ್ಲಾಗೆ ಸಾಬೂನೂ ಹೋಯ್ತು, ಇತ್ಲಾಗೆ ಈ ಕಡ್ಡಿ ಹೊರೋ ಕೆಲಸ ನಮಗೇ," ಎಂದಳು ತೆನಿನ್. ಬೇಲಿ ಸವರಿದರೆ ಕಾಯಿ ಹೆಚ್ಚು ಬಿಡುತ್ತದೆಂದು ಕಂಪನಿಯವನು ಹೇಳಿದ್ದನಂತೆ. ಗಂಡಸರು ಅಲ್ಲಲ್ಲಿ ಕೊಂಬೆ ಕಡಿದು ರಾಶಿ ಹಾಕಿ, ತೆಗೆದು ಎಲ್ಲಾದರೂ ಎಸೆಯಿರಿ ಎಂದು ಹೆಂಗಸರಿಗೆ ಹೇಳಿದ್ದರು.

ಕನಿಬಾ ನಡುದಾರಿಯಲ್ಲಿ ಗಕ್ಕನೆ ನಿಂತಳು.

"ಅಕ್ಕ, ತಾತ ಏನಂದ್ರು? ಇನ್ನೊಂದ್ಸಲ ಹೇಳು."

"ಸಿಬಿರಿಗೆ ಅಂದ್ರು."

"ಅದಕ್ಕೂ ಮುಂಚೆ."

"ಮರ ನೆಟ್ಟವರದು, ಕಾಡುಹರಳು ಮರ ಅಂದ್ರು. ಯಾಕೇ?"

ಕನಿಬಾ ನಗತೊಡಗಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ತೆನಿನ್‌ಗೆ ಮೊದಲು ಗಾಬರಿ. ಕನಿಬಾ ಕಿವಿಯಲ್ಲಿ ಹೇಳಿದ ಮೇಲೆ ಅವಳ ಕೈ ಬಾಯಿಗೆ ಹೋಯಿತು. "ಅಯ್ಯೋ ನಿನ್ನ! ನಮ್ಮನ್ನ ಊರು ಬಿಡಿಸ್ತಾರೆ ಕಣೇ!" ಎಂದಳು. ಆದರೆ ಆ ಸಂಜೆ ಗಿರಣಿಯ ಮುಂದೆ ಹಿಟ್ಟಿಗೆ ಕಾದು ನಿಂತ ಹೆಂಗಸರಿಗೆಲ್ಲ ಈ ಮಾತು ಮುಟ್ಟಿಸಿದವಳು ಅವಳೇ. ಗಿರಣಿಯ ಗದ್ದಲದಲ್ಲಿ ಗಂಡಸರ ಕಿವಿಗೆ ಒಂದಕ್ಷರವೂ ಬೀಳಲಿಲ್ಲ.

ರಾತ್ರಿ ಹದವಾದ ಮಳೆ ಬಂತು. ಬೆಳಿಗ್ಗೆ ನೆಲ ಮೆತ್ತಗಿತ್ತು. ಕನಿಬಾ ಸವರಿದ ಕೊಂಬೆಗಳ ಒಂದು ಹೊರೆ ತಲೆಯ ಮೇಲಿಟ್ಟುಕೊಂಡು ಕಡಲೆಕಾಯಿ ಹೊಲಕ್ಕೆ ಹೋದಳು. ಆ ಹೊಲಕ್ಕೆ ಒಂದು ಮಗ್ಗುಲಲ್ಲಷ್ಟೇ ಬೇಲಿ. ತೆರೆದಿದ್ದ ಮಗ್ಗುಲಲ್ಲಿ ಗುದ್ದಲಿಯಿಂದ ಗುಳಿ ಮಾಡಿ ಕಡ್ಡಿ ಊರಿ ತುಳಿದಳು. ಇನ್ನೊಂದು ಗುಳಿ, ಇನ್ನೊಂದು ಕಡ್ಡಿ. ಮದುವೆಯಾಗಿ ಬಂದ ಹೆಣ್ಣು, ಸನೋಗೊಗಳ ನೆಲದಲ್ಲಿ, ಹಾಡಹಗಲಲ್ಲಿ, ಊರ ಹಿರಿಯನೇ ಮರ ಅಂದದ್ದನ್ನು ನೆಡುತ್ತಿದ್ದಾಳೆ! ಹಿಂದೆ ಇಂಥಾದ್ದು ನಡೆದದ್ದಿಲ್ಲ. ತಲೆಯೆತ್ತಿ ನೋಡಿದಳು. ಅತ್ತ ಪಕ್ಕದ ಮನೆಯವರ ಹೊಲದಲ್ಲೂ ಹೆಂಗಸರು ಬಗ್ಗಿದ್ದರು. ಅದರಾಚೆಯ ಹೊಲದಲ್ಲೂ. ಅವಳ ಕೈಗೆ ಬಲ ಬಂತು.

ಸಿಬಿರಿ ಓಡಿಬಂದ. ಬರುವ ರಭಸಕ್ಕೆ ಒಂದು ಚಪ್ಪಲಿ ಕೆಸರಲ್ಲೇ ಉಳಿಯಿತು.

"ಏನೇ ಮಾಡ್ತಿದ್ದೀಯ?"

"ಕಾಣ್ತಿಲ್ವಾ ಭಾವ? ನೆಡ್ತಿದ್ದೀನಿ."

"ಯಾರನ್ನ ಕೇಳಿ ನೆಟ್ಟೆ? ಇದು ಸನೋಗೊ ನೆಲ!"

"ನೆಲ ನಿಮ್ಮದೇ, ಯಾರಿಲ್ಲ ಅಂದ್ರು? ಮರ ಮಾತ್ರ ನೆಟ್ಟವರದು. ನಿನ್ನೆ ತಾನೆ ಇತ್ಯರ್ಥ ಆಯ್ತಲ್ಲ."

ಸಿಬಿರಿ ಸಾಲಿನೊಳಕ್ಕೇ ನುಗ್ಗಿದ. ಬಗ್ಗಿ ಒಂದು ಕಡ್ಡಿ ಕಿತ್ತೆಸೆದ. ಕನಿಬಾ ಹೋಗಿ ಎತ್ತಿಕೊಂಡು ಬಂದು ಅದೇ ಗುಳಿಗೆ ಊರಿದಳು. ಅವನು ಮತ್ತೆ ಕಿತ್ತ, ಅವಳು ಮತ್ತೆ ಊರಿದಳು. ಬೇರೆಯವರು ನೆಟ್ಟ ಮರ ಕೀಳುವುದು ನಮ್ಮಲ್ಲಿ ಸಣ್ಣ ತಪ್ಪಲ್ಲ. ಸುತ್ತ ಸೇರಿದ್ದ ಜನ ಹುಬ್ಬೇರಿಸಿದರು. ಅದೂ ಅವನ ಕಣ್ಣಿಗೆ ಕಾಣದಷ್ಟು ಸಿಟ್ಟು. ಸಾಲಿನಲ್ಲಿ ಮುಂದಿನ ಕಡ್ಡಿಗೆ ಕೈ ಹಾಕಿದ. ಆ ಕಡ್ಡಿಯನ್ನು ಆಗಲೇ ಇನ್ನೊಂದು ಕೈ ಹಿಡಿದಿತ್ತು. ಅವನ ಹೆಂಡತಿ ತೆನಿನ್ ಮಣ್ಣಲ್ಲಿ ಮಂಡಿಯೂರಿ ಕೂತಿದ್ದಳು.

"ಇದು ನಾನು ನೆಟ್ಟಿದ್ದು ರೀ. ಕೀಳಿ ನೋಡೋಣ."

ಸಿಬಿರಿಯ ಕೈ ಹಾಗೇ ನಿಂತಿತು.

ಅಷ್ಟರಲ್ಲಿ ಬೂರೆಮಾ ಕೋಲೂರಿಕೊಂಡು ಏದುಸಿರು ಬಿಡುತ್ತ ಬಂದ. ಅವನ ಸ್ವಂತ ಮನೆಯ ಹೊಲದಲ್ಲಿ ಮೂವರು ಹೆಂಡತಿಯರೂ ಸೊಸೆಯರೂ ಸಾಲು ಹಿಡಿದು ನೆಡುತ್ತಿದ್ದರು. ಅವರನ್ನು ಕೇಳಿದರೆ, ಕನಿಬಾಳನ್ನೇ ಕೇಳಿ ಅಂದರಂತೆ. ಅವನ ಹಿಂದೆ ಸಿರಿಮಾನ್ ಜಾರಾನೂ ಬಂದ. ಅವನ ಕೈಯಲ್ಲಿ ಸುಣ್ಣದ ಡಬ್ಬಿ ಇತ್ತು. ಮುಖದ ತುಂಬ ನಗು.

"ಲೇ ಜೀತದಾಳೇ, ಹೊಸ ಮರಗಳಂತೆ! ಪಟ್ಟಿ ಬಳೀಲಾ? ಯಜಮಾನ ಯಾರು ಅಂತ ಹೇಳ್ಲಿ?"

"ಬಳಿಯೋ ಅಲಸಂದೆ ಬಾಕ. ಇದು ಕನಿಬಾ ತ್ರಾವರೆದು. ಇದು ತೆನಿನ್‌ದು. ಚೆನ್ನಾಗಿ ಬಳಿ, ದೂರಕ್ಕೂ ಕಾಣ್ಲಿ."

"ತಡಿಯಪ್ಪಾ!" ಎಂದು ಬೂರೆಮಾ ಕೋಲು ಅಡ್ಡ ಹಿಡಿದ. ಹೊಲಗಳುದ್ದಕ್ಕೂ ಕಣ್ಣು ಹಾಯಿಸಿದ. ಎಲ್ಲಿ ನೋಡಿದರೂ ಬಗ್ಗಿದ ಬೆನ್ನುಗಳು, ಊರಿದ ಕಡ್ಡಿಗಳು. ಇಷ್ಟೂ ಮರವಾದರೆ ಬೇರೂರಿದ ಮೇಲೆ ಊರ ನೆಲದಲ್ಲಿ ಅರ್ಧ ಸೊಸೆಯರ ಪಾಲು. ಪ್ರತಿ ಮನೆಯಲ್ಲೂ ಜಗಳ, ಪ್ರತಿ ಜಗಳವೂ ಅವನ ಚಾಪೆಗೆ. ಮುದುಕ ನಿಟ್ಟುಸಿರಿಟ್ಟ.

"ಸಿಬಿರಿ, ನೆಲ ನಿಮ್ಮನೇದು. ನೀನೇ ಹೇಳು. ಇವರು ನೆಡ್ತಿರೋದು ಏನು?"

ಸಿಬಿರಿ ಕೆಸರಲ್ಲಿ ಉಳಿದ ಚಪ್ಪಲಿಯ ಕಡೆ ತಿರುಗಿದ.

"ಮರ ಅಂದ್ರೆ ಇವತ್ತೇ ನೆಲ ಹಂಚೋಕೆ ಸಭೆ ಕರೀಬೇಕು. ಬೇಗ ಹೇಳಪ್ಪ, ನನಗೂ ಮನೇಲಿ ಹೆಂಡ್ತೀರಿದ್ದಾರೆ."

"ಬೇ..."

"ಕೇಳಿಸ್ಲಿಲ್ಲ."

"ಬೇಲಿ! ಬೇಲಿ! ಬೇಲಿ! ಸಾಕಾ?"

"ಇದು ಬೇಲಿ ಆದ್ರೆ ಅದೂ ಬೇಲಿ," ಎಂದು ಬೂರೆಮಾ ಬಿಳಿ ಪಟ್ಟಿಯ ಸಾಲಿನ ಕಡೆ ಕೋಲು ತೋರಿಸಿದ. "ಬೇಲಿ ಕಾಯಿ ಹೆಂಗಸರದು. ಮೊದಲಿಂದ ಹೇಗಿತ್ತೋ ಹಾಗೆ. ಇನ್ನು ಯಾರಾದ್ರೂ ಮರ ಅಂತ ಬಾಯಿ ಬಿಟ್ರೆ ನೋಡಿ."

ಹೆಂಗಸರು ಹೊಲದಿಂದ ಹೊಲಕ್ಕೆ ಕೂಗಿ ಸುದ್ದಿ ದಾಟಿಸಿದರು. ಎಲ್ಲೋ ಒಬ್ಬಳು ಬುಟ್ಟಿ ಬಡಿಯತೊಡಗಿದಳು. ಜಾರಾ ಡಬ್ಬಿಯ ಮುಚ್ಚಳ ಹಾಕಿ ತಲೆ ಕೆರೆದುಕೊಂಡ. "ಅಲ್ಲ ಕಣೇ, ಹಾಗಾದ್ರೆ ನಾನು ಬೀಜಕ್ಕೆ ಯಾರನ್ನ ಕೇಳ್ಬೇಕು?"

"ನನ್ನ. ಇವಳನ್ನ. ಅಗೋ, ಅವರನ್ನೆಲ್ಲ. ಮೊದಲು ನಮ್ಮ ಹಂಡೆ, ಆಮೇಲೆ ನಮ್ಮೂರ ಯಂತ್ರ, ಮಿಕ್ಕಿದ್ರೆ ನಿನ್ನ ತಕ್ಕಡಿ. ಬೆಲೆ ನಾವು ಹೇಳ್ತೀವಿ. ಒಪ್ಪಿಗೆ ಇದ್ರೆ ಕಾದಿರು, ಇಲ್ದಿದ್ರೆ ನಿಮ್ಮ ದೂರದೇಶದ ಮೋಟಾರಿಗೆ ಅಲಸಂದೆ ಹಾಕಿ ಓಡ್ಸು."

ಜಾರಾ ಹೊಟ್ಟೆ ಹಿಡಿದುಕೊಂಡು ನಕ್ಕ. ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ, ಬಂದಿರಲೂ ಇಲ್ಲವೇನೋ. ಕಾಯುತ್ತೇನೆ ಎಂದ.

ಜನ ಒಬ್ಬೊಬ್ಬರೇ ಚದುರಿದರು. ಸಿಬಿರಿ ಮಾತ್ರ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲಿಗೆ ಕೆಸರು ಮೆಟ್ಟಿಕೊಂಡು ಅಲ್ಲೇ ನಿಂತಿದ್ದ. ಹೋಗಬೇಕೋ ಇರಬೇಕೋ ಅವನಿಗೇ ತಿಳಿದಂತಿರಲಿಲ್ಲ. ಕನಿಬಾ ಹೊರೆಯಿಂದ ಒಂದು ಕಡ್ಡಿ ತೆಗೆದು ಅವನ ಕೈಗಿಟ್ಟಳು.

"ಹಿಡೀರಿ ಭಾವ. ಬೇಲಿ ಅಂತ ನೀವೇ ಹೇಳಿದ್ಮೇಲೆ ಹೊಲದ ಸುತ್ತ ಆಗ್ಬೇಕಲ್ಲ. ಅರ್ಧಕ್ಕೇ ಬಿಟ್ರೆ ಮೇಕೆಗಳು ನಮ್ಮನ್ನ ನೋಡಿ ನಗುತ್ವೆ."

ಅವನು ಕಡ್ಡಿಯನ್ನು ಎಸೆಯಲಿಲ್ಲ, ನೆಡಲೂ ಇಲ್ಲ, ಹಿಡಿದುಕೊಂಡು ನಿಂತ. ಮಂಡಿಯೂರಿ ಗುಳಿ ತೋಡುತ್ತಿದ್ದ ತೆನಿನ್ ತಲೆಯೆತ್ತಲಿಲ್ಲ.

"ಕೈಯಲ್ಲಿ ಹಿಡ್ಕೊಂಡು ನಿಂತ್ರೆ ಅದು ಬೇರು ಬಿಡಲ್ಲ ರೀ," ಎಂದಳು. "ನೆಲಕ್ಕೆ ಊರಿ."